ಎಡಕುಮೇರಿ ಮಳೆಯಲ್ಲಿ ಮಕ್ಕಳಾಟ

ಎಡಕುಮೇರಿಯಲ್ಲಿ ರೈಲು ನಿಲ್ಲುವುದು ಜನ ಇಳಿಯಲಿ ಅಂತಲ್ಲ. ಇಳಿದರೂ ಹೋಗುವುದೆಲ್ಲಿಗೆ? ಪ್ಲಾಟ್‌ಫಾರಂ ಮುಗಿಯುತ್ತಲೇ ಕಾಡು, ಅದರ ಅಂಚಿನಲ್ಲಿ ಕಣಿವೆ. ಊರಿಲ್ಲ, ಪೇಟೆಯಿಲ್ಲ, ಹೊರಗೆ ಕಾಯುವ ಆಟೋ ಇಲ್ಲ. ಘಾಟಿ ಇಳಿಯುವ ಗಾಡಿ ಬ್ರೇಕಿನ ತಪಾಸಣೆಗೆ ನಿಲ್ಲುತ್ತದೆ, ಇಲ್ಲವೇ ಎದುರಿನಿಂದ ಏದುಸಿರು ಬಿಡುತ್ತ ಹತ್ತಿ ಬರುವ ಗೂಡ್ಸಿಗೆ ದಾರಿ ಬಿಡಲು ನಿಲ್ಲುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ ಸುಮಾರು 55 ಕಿಲೋಮೀಟರ್ ಹಾದಿ, ಅದರಲ್ಲಿ 57 ಸುರಂಗ. 50 ಮೀಟರಿಗೆ ಒಂದು ಮೀಟರಿನಷ್ಟು ಇಳಿಜಾರು. ಗಾಡಿ ಗಂಟೆಗೆ 30 ಕಿಲೋಮೀಟರ್ ಮೀರುವಂತಿಲ್ಲ. ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಎಂದು ಹಳದಿ ಬೋರ್ಡುಗಳನ್ನು ಓದುತ್ತ ಓದುತ್ತ ಎರಡೂವರೆ ಗಂಟೆ ಕಳೆಯಬೇಕು. ಆರಿದ್ರೆ ಮಳೆ ಹಿಡಿದುಕೊಂಡಿದ್ದರೆ ಆ ಬೋರ್ಡೂ ಕಾಣುವುದಿಲ್ಲ.

ದೊಡ್ಡವರಿಗೆ ಈ ಹಾದಿ ಕಣ್ಣಿಗೆ ಹಬ್ಬ. 1979ರಲ್ಲಿ ಮೀಟರ್‌ಗೇಜಿನಲ್ಲಿ ಓಡಾಟ ಶುರುವಾಗಿ, ಬ್ರಾಡ್‌ಗೇಜಿಗಾಗಿ ವರ್ಷಗಟ್ಟಲೆ ನಿಂತು, 2007ರ ಡಿಸೆಂಬರಿನಲ್ಲಿ ಮತ್ತೆ ಪ್ರಯಾಣಿಕರ ಗಾಡಿ ಬಂದ ಮೇಲೆ ಮಳೆಗಾಲದ ಹಗಲು ರೈಲಿಗೆ ಬೆಂಗಳೂರಿನವರು ಮುಗಿಬೀಳುತ್ತಾರೆ. 2021ರ ಜುಲೈಯಿಂದ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯೂ ಬಂದಿದೆ. ಆದರೆ ಮೂರು ವರ್ಷದ ಮಗುವಿಗೆ ಜಲಪಾತ ಎಷ್ಟು ಹೊತ್ತಿನ ಸೊಗಸು? ಮೊದಲನೆಯದಕ್ಕೆ ಬಾಯಿ ಬಿಟ್ಟು ನೋಡುತ್ತದೆ. ಎರಡನೆಯದಕ್ಕೆ ಅಪ್ಪನೇ ಕತ್ತು ತಿರುಗಿಸಿ ತೋರಿಸಬೇಕು. ಮೂರನೆಯದರ ಹೊತ್ತಿಗೆ ಚಪ್ಪಲಿಯ ಬೆಲ್ಟು ಬಿಚ್ಚಿ ಹಾಕುವುದರಲ್ಲಿ ಅದಕ್ಕೆ ಹೆಚ್ಚಿನ ಸ್ವಾರಸ್ಯ ಕಂಡಿರುತ್ತದೆ. ತಪ್ಪು ಮಗುವಿನದಲ್ಲ. ದೂರದ್ದನ್ನು ನಿಂತು ನೋಡುವುದು ದೊಡ್ಡವರ ಚಟ. ಮಕ್ಕಳಿಗೆ ಕೈಗೆ ಸಿಗುವುದು ಬೇಕು.

ಮಾಮೂಲಿ ಬೋಗಿಯಲ್ಲಿ ಕಿಟಕಿಯ ಶಟರ್ ಇಳಿಸಿದ್ದರೂ ಕೆಳಗಿನ ಸಂದಿಯಿಂದ ನೀರು ಜಿನುಗಿ ಸೀಟಿನ ಅಂಚು ಒದ್ದೆ. ಯಾರೋ ಹಳೆ ಪೇಪರು ತುರುಕಿದ್ದಾರೆ, ಇನ್ಯಾರೋ ಟವೆಲು. ಒಳಗೆ ಮಂಡಕ್ಕಿ, ಒದ್ದೆ ಕೊಡೆ, ಡೀಸೆಲ್ಲು ಎಲ್ಲ ಸೇರಿದ ವಾಸನೆ. ಗಾಜಿಗೆ ಉಸಿರಿನ ಹಬೆ ಕಟ್ಟಿದ ಕೂಡಲೇ ಮಕ್ಕಳ ಬೆರಳು ಅಲ್ಲಿಗೆ ಹೋಗುತ್ತದೆ. ಸೂರ್ಯ, ಮನೆ, ಮೀಸೆಯ ಮಾವ. ಬರೆದದ್ದು ಕರಗಿ ಇಳಿಯುತ್ತದೆ, ಮತ್ತೆ ಹಾ ಎಂದು ಬಾಯಿಂದ ಹಬೆ ಬಿಟ್ಟು ಹೊಸ ಸ್ಲೇಟು. ಗಾಡಿ ಸುರಂಗಕ್ಕೆ ನುಗ್ಗಿತೋ, ಈ ತುದಿಯಿಂದ ಆ ತುದಿಯವರೆಗೆ ಎಲ್ಲ ಮಕ್ಕಳೂ ಒಟ್ಟಿಗೆ ಕೂಗು ಹಾಕುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ. ಒಂದು ಬೋಗಿಯ ಕೂಗಿಗೆ ಮುಂದಿನ ಬೋಗಿ ಜವಾಬು ಕೊಡುತ್ತದೆ. ಹೊರಗೆ ಬೆಳಕು ಬಿದ್ದಾಗ ಕೂಗಿದವರೇ ನಾಚಿಕೊಂಡು ಅಮ್ಮನ ಸೆರಗಿಗೆ ಮುಖ ಒತ್ತುತ್ತಾರೆ. ಸುರಂಗ ಎಣಿಸುವ ಹಟ ತೊಟ್ಟ ಹುಡುಗರೂ ಇರುತ್ತಾರೆ. ಐವತ್ತೇಳು ಮುಟ್ಟಿದವರನ್ನು ನಾನಂತೂ ಕಂಡಿಲ್ಲ. ಇಪ್ಪತ್ತರ ಆಸುಪಾಸಿನಲ್ಲಿ ಅಣ್ಣನ ಲೆಕ್ಕಕ್ಕೂ ತಂಗಿಯ ಲೆಕ್ಕಕ್ಕೂ ತಾಳೆ ತಪ್ಪಿ, ಜಗಳವಾಗಿ, ಅಷ್ಟರಲ್ಲಿ ಇನ್ನೆರಡು ಸುರಂಗ ದಾಟಿಹೋಗಿರುತ್ತವೆ.

ದೋಣಿಗಾಲ್ ಕಳೆದ ಮೇಲೆ ಮೊಬೈಲಿನ ಸಿಗ್ನಲ್ಲು ಕೈಕೊಡುತ್ತದೆ. ಕಾರ್ಟೂನು ಅರ್ಧಕ್ಕೆ ನಿಂತು, ಬಿಳಿ ಚಕ್ರ ತಿರುಗುತ್ತ ತಿರುಗುತ್ತ, ಕೊನೆಗೆ ಅದೂ ಇಲ್ಲ. ಆಗ ಹುಟ್ಟುವ ಅಳು ಇದೆಯಲ್ಲ, ಅದು ಹಸಿವಿನದಲ್ಲ, ನಿದ್ದೆಯದಲ್ಲ, ರಚ್ಚೆ. ಎಡಕುಮೇರಿಯಲ್ಲಿ ಗಾಡಿ ನಿಂತು, ಎಂಜಿನ್ನಿನ ಸದ್ದಡಗಿ, ಮಳೆಯ ಸದ್ದಷ್ಟೇ ತಗಡಿನ ಮೇಲೆ ಉಳಿದಾಗ ಈ ಅಳು ಇಡೀ ಬೋಗಿಗೆ ಕೇಳಿಸುತ್ತದೆ. ಹರೆಯದ ಅಪ್ಪ ಅಮ್ಮ ಮುಖ ಮುಖ ನೋಡಿಕೊಳ್ಳುತ್ತಾರೆ. ಚೀಲದಲ್ಲಿ ಚಿಪ್ಸ್ ಇದೆ, ಚಾರ್ಜರಿದೆ, ಪವರ್ ಬ್ಯಾಂಕಿದೆ. ಆಡಲು ಏನೂ ಇಲ್ಲ.

ಅಂಥದೊಂದು ಹೊತ್ತಿನಲ್ಲಿ ಎದುರು ಸೀಟಿನ ಅಜ್ಜಿಯೊಬ್ಬರು ಸೊಂಟದ ಸಂಚಿ ಬಿಚ್ಚಿದ್ದನ್ನು ನೋಡಿದ್ದೇನೆ. ಕುಕ್ಕೆಗೆ ಹರಕೆ ತೀರಿಸಲು ಹೊರಟವರು, ಹಾಸನದ ಕಡೆಯವರು. ಎಲೆಯಡಿಕೆಗೆಂದು ಇಟ್ಟುಕೊಂಡಿದ್ದ ಸುಣ್ಣದ ಡಬ್ಬಿಗೆ ತೋರುಬೆರಳು ಅದ್ದಿ, ನೀಲಿ ರೆಕ್ಸಿನ್ ಸೀಟಿನ ಮೇಲೆ ಉದ್ದಕ್ಕೆ ಆರು, ಅಡ್ಡಕ್ಕೆ ಆರು ಗೆರೆ ಎಳೆದರು. ಇಪ್ಪತ್ತೈದು ಮನೆ. ನಾಲ್ಕು ಬದಿಯ ನಡುವಿನ ಮನೆಗಳಿಗೂ ನಟ್ಟನಡುವಿನ ಮನೆಗೂ ಗುಣಾಕಾರದ ಗುರುತು ಹಾಕಿದರು. ಕಟ್ಟೆಗಳಾದವು. "ರೈಲ್ವೆಯೋರು ನೋಡಿದ್ರೆ ದಂಡ ಹಾಕ್ತಾರೇನೋ, ಆಮೇಲೆ ಒದ್ದೆ ಬಟ್ಟೇಲಿ ಒರೆಸ್ಬಿಡ್ತೀನಿ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಸಂಚಿಯ ತಳದಿಂದ ನಾಲ್ಕು ಕವಡೆ ತೆಗೆದರು. ಕಾಯಿಗಳಿಗೆ ಏನು ಮಾಡುವುದು? ಒಬ್ಬರಿಗೆ ಅಡಿಕೆ ಚೂರು, ಒಬ್ಬರಿಗೆ ಶೇಂಗಾ, ಒಬ್ಬರಿಗೆ ಟಿಕೆಟ್ಟಿನ ಹಾಳೆ ಹರಿದು ಮಾಡಿದ ಉಂಡೆ. ರೈಲು ಕದಲುವ ಮೊದಲೇ ಚೌಕಾಬಾರ ಶುರುವಾಯಿತು.

ಈ ಆಟ ಬಲ್ಲವರಿಗೆ ಗೊತ್ತು, ನಾಲ್ಕು ಕವಡೆಯಲ್ಲಿ ಎಷ್ಟು ಅಂಗಾತ ಬಿದ್ದಿವೆಯೋ ಅಷ್ಟು ಮನೆ ನಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ ಎಂಟು. ಚೌಕವೋ ಬಾರವೋ ಬಿದ್ದವರಿಗೆ ಮತ್ತೊಂದು ಸಲ ಹಾಕುವ ಹಕ್ಕು. ಕಟ್ಟೆಯಲ್ಲಿರುವ ಕಾಯನ್ನು ಯಾರೂ ಕಡಿಯುವಂತಿಲ್ಲ. ಬೇರೆಯವರ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಒಳಸುತ್ತು ಮುಗಿಸಿ ನಟ್ಟನಡುವಿನ ಮನೆ ಸೇರಿದ ಕಾಯಿ ಹಣ್ಣು. ಐದು, ಆರು, ಏಳು ಈ ಆಟದಲ್ಲಿ ಬೀಳುವುದೇ ಇಲ್ಲ. ಹಾಗಾಗಿ ಈ ಆಟದಲ್ಲೇ ಲೆಕ್ಕ ಕಲಿತ ಮಗು ನಾಲ್ಕಾದ ಮೇಲೆ ಎಂಟು ಅನ್ನುತ್ತದೆ, ಕೆಲಕಾಲ. ಶಾಲೆಗೆ ಹೋದ ಮೇಲೆ ಸರಿಹೋಗುತ್ತದೆ, ಗಾಬರಿ ಬೇಡ.

ನನ್ನ ಕಣ್ಣು ಇದ್ದದ್ದು ಆಡುವವರ ಮೇಲಲ್ಲ, ಆಗಷ್ಟೇ ಅಳು ನಿಲ್ಲಿಸಿದ ಆ ಚಿಕ್ಕವಳ ಮೇಲೆ. ಅವಳಿಗೆ ನಡೆ ಗೊತ್ತಿಲ್ಲ, ಕಟ್ಟೆ ಗೊತ್ತಿಲ್ಲ. ಅಣ್ಣಂದಿರು "ಅವಳು ಬೇಡ" ಎಂದರು. ಅಜ್ಜಿ "ಅವಳೂ ಇರ್ಲಿ, ಆಟಕ್ಕುಂಟು ಲೆಕ್ಕಕ್ಕಿಲ್ಲ" ಎಂದುಬಿಟ್ಟರು. ಅಲ್ಲಿಗೆ ತಕರಾರು ಮುಗಿಯಿತು. ಎಲ್ಲರ ಸರದಿ ಒಂದು ಸುತ್ತು ಮುಗಿದಾಗ ಕವಡೆ ಅವಳ ಕೈಗೆ. ಎರಡೂ ಅಂಗೈಯಲ್ಲಿ ಕುಲುಕಿ, ಕಣ್ಣು ಮುಚ್ಚಿ, ಬೋಗಿಯ ನೆಲಕ್ಕೆಲ್ಲ ಚೆಲ್ಲಿದಳು. ಹುಡುಗರು ಸೀಟಿನಡಿ ತೂರಿ ಆರಿಸಿಕೊಟ್ಟರು. ಅವಳು ಹಾಕಿದ್ದಕ್ಕೆ ಕಾಯಿ ನಡೆಯಲಿಲ್ಲ, ಆದರೆ ಚೌಕ ಬಿದ್ದಾಗ ಎಲ್ಲರೂ ಹೋ ಅಂದರು, ಅವಳೂ ಅಂದಳು. ಒಮ್ಮೆ ಕವಡೆ ಬಾಯಿಯ ಹತ್ತಿರ ಹೋಯಿತು. ಅಜ್ಜಿ ಮಾತಿಲ್ಲದೆ ಅದನ್ನು ಇಸಿದುಕೊಂಡು ಕೈಗೊಂದು ಇಡೀ ಬಾಳೆಹಣ್ಣು ಕೊಟ್ಟರು. ಮೂರು ತುಂಬದ ಮಕ್ಕಳ ಕೈಗೆ ಕವಡೆ, ಹುಣಸೆಬೀಜ, ಕಡಲೆಬೀಜ ಕೊಟ್ಟು ಅತ್ತ ತಿರುಗಬಾರದು, ಗಂಟಲಿಗೆ ಸಿಕ್ಕರೆ ಘಾಟಿಯಲ್ಲಿ ಡಾಕ್ಟರಿಲ್ಲ. ಗೂಡ್ಸು ದಾಟಿ ಹೋದದ್ದನ್ನು ಆ ಸೀಟಿನವರು ಯಾರೂ ಗಮನಿಸಲಿಲ್ಲ.

ಲೆಕ್ಕಕ್ಕಿಲ್ಲದೆ ಆಟಕ್ಕುಂಟು ಎನ್ನುವ ಈ ಏರ್ಪಾಡನ್ನು ಕಂಡುಹಿಡಿದವರು ಯಾರೋ, ಮಕ್ಕಳ ಮನಸ್ಸು ಬಲ್ಲವರು. ಚಿಕ್ಕವರಿಗೇ ಬೇರೆ ಆಟ, ಚಿಕ್ಕವರಿಗೇ ಬೇರೆ ಆಟಿಕೆ, ಚಿಕ್ಕವರಿಗೇ ಬೇರೆ ಮೂಲೆ ಎಂದು ವಿಂಗಡಿಸಿದಲ್ಲಿ ಮಗು ಹತ್ತು ನಿಮಿಷವೂ ಕೂರುವುದಿಲ್ಲ. ದೊಡ್ಡವರ ನಡುವೆ ಒಂದು ಜಾಗ ಕೊಡಿ, ಸೋಲು ಗೆಲುವು ಅಂಟದ ಹಾಗೆ ಕೊಡಿ, ಗಂಟೆಗಟ್ಟಲೆ ಇರುತ್ತದೆ. ಮಲೆನಾಡಿನ ಮನೆಗಳು ಮಳೆಗಾಲ ನಿಭಾಯಿಸಿಕೊಂಡು ಬಂದಿರುವುದೇ ಹೀಗೆ.

ಆ ಮನೆಗಳು ಎಡಕುಮೇರಿಯ ಹಳಿಯ ಮಗ್ಗುಲಲ್ಲಿಲ್ಲ, ಮೇಲಿನ ಗುಡ್ಡಗಳಲ್ಲಿವೆ. ಕಡಗರವಳ್ಳಿ, ಹೊಂಗಡಹಳ್ಳ, ಹೆತ್ತೂರು, ಅತ್ತ ಬಿಸಿಲೆ. ಜೂನ್ ಮೂರನೆಯ ವಾರ ಮುಗಿಯುತ್ತ ಆರಿದ್ರೆ ಹೊಕ್ಕರೆ, ಪುನರ್ವಸು, ಪುಷ್ಯ ಕಳೆದು ಆಗಸ್ಟಿನ ಆಶ್ಲೇಷದವರೆಗೆ ಬಿಸಿಲಿನ ಮುಖ ಕಂಡರೆ ಕಂಡ ಹಾಗೆ. ಪುನರ್ವಸು ಅಣ್ಣನ ಮಳೆ, ಪುಷ್ಯ ತಮ್ಮನ ಮಳೆ. ಅಣ್ಣ ತಮ್ಮ ಸೇರಿ ತಿಂಗಳೊಂದನ್ನು ನುಂಗುತ್ತಾರೆ. ಕರೆಂಟು ಹೋದರೆ ಲೈನ್‌ಮನ್ನಿಗೆ ಬಿದ್ದ ಮರ ಸಿಕ್ಕುವವರೆಗೆ ಬರುವುದಿಲ್ಲ. ಜಿಲ್ಲಾಧಿಕಾರಿಗಳು ಸಕಲೇಶಪುರ, ಆಲೂರು ತಾಲ್ಲೂಕಿನ ಶಾಲೆ ಅಂಗನವಾಡಿಗಳಿಗೆ ರಜೆ ಘೋಷಿಸಿದ ಸುದ್ದಿ ಬೆಳಗಿನ ಹೊತ್ತು ವಾಟ್ಸಾಪಿನಲ್ಲಿ ಬರುತ್ತದೆ, ಸಿಗ್ನಲ್ಲಿದ್ದ ಮನೆಯಿಂದ ಇಲ್ಲದ ಮನೆಗೆ ಕೂಗಿನಲ್ಲಿ ದಾಟುತ್ತದೆ. ರಜೆ ಎಂಬ ಖುಷಿ ಕಾಫಿ ಕುಡಿಯುವ ಹೊತ್ತಿಗೆ ಮುಗಿದು, ಒಂಬತ್ತು ಗಂಟೆಗೆಲ್ಲ ಮಕ್ಕಳು ಬಾಗಿಲಿಗೆ ಒರಗಿ ನಿಂತಿರುತ್ತಾರೆ. ಅಂಗಳಕ್ಕೆ ಇಳಿದರೆ ಇಂಬಳ. ತೋಟದಾಚೆ ಆನೆ ಇದ್ದರೂ ಇರಬಹುದು. ಹಳ್ಳ ಉಕ್ಕಿದೆ. ಹೊರಗೆ ಹೋಗಬೇಡ ಎನ್ನುವುದು ಇಲ್ಲಿ ಅಮ್ಮನ ಅತಿ ಮುದ್ದಲ್ಲ.

ಮೊದಲು ಜಗಲಿ. ಇರಚಲು ಹೊಡೆಯದಿರಲೆಂದು ಅಡಿಕೆ ಸೋಗೆಯ ತಟ್ಟಿಯನ್ನೋ ಈಗಿನ ನೀಲಿ ಪ್ಲಾಸ್ಟಿಕ್ ಶೀಟನ್ನೋ ಕಟ್ಟಿರುತ್ತಾರೆ. ಒಳಗೆ ಮಬ್ಬು. ತೊಲೆಗೆ ಹಗ್ಗ ಬಿಗಿದು ಗೋಣಿಚೀಲ ಮಡಿಸಿ ಹಾಕಿದರೆ ಉಯ್ಯಾಲೆ. ರೆಡ್‌ಆಕ್ಸೈಡ್ ನೆಲದ ಮೇಲೆ ಹಳೆ ಕಂಬಳಿ ಹಾಸಿ, ತಮ್ಮನನ್ನು ಕೂರಿಸಿ, ಅಕ್ಕ ಎಳೆದುಕೊಂಡು ಓಡುತ್ತಾಳೆ. ಜಗಲಿಯ ಈ ತುದಿಯಿಂದ ಆ ತುದಿ. ನೆಲವೂ ಫಳಫಳ. ಮೂರು ನಾಲ್ಕು ವರ್ಷದ ಮಕ್ಕಳು ದಿನಕ್ಕೆ 180 ನಿಮಿಷವಾದರೂ ಮೈ ಆಡಿಸಬೇಕು, ಪರದೆಯ ಮುಂದೆ ಕೂರುವುದು ಒಂದು ಗಂಟೆ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಮೂರು ಗಂಟೆ! ಮಳೆಯಲ್ಲಿ, ಎರಡು ಕೋಣೆಯ ಫ್ಲಾಟಿನಲ್ಲಿ ಇದು ಹೇಗೆ ಸಾಧ್ಯ ಎಂದು ಪಟ್ಟಣದವರು ಕೈ ಹಿಸುಕಿಕೊಳ್ಳಬೇಕು. ಇಲ್ಲಿ ಅಟ್ಟದ ಏಣಿ, ಉಯ್ಯಾಲೆ, ಕಂಬಳಿ ಬಂಡಿ ಸೇರಿ ಮಧ್ಯಾಹ್ನದೊಳಗೆ ಲೆಕ್ಕ ಭರ್ತಿ.

ಘಾಟಿಯ ಮಕ್ಕಳ ಮೆಚ್ಚಿನ ಆಟ ಮಾತ್ರ ರೈಲು. ದೂರದಲ್ಲಿ ಕೇಳುವ ಹಾರ್ನು ಅವರ ಗಡಿಯಾರ. ಊಟದ ಮಣೆಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಬೋಗಿಗಳು. ಮಂಚದ ಎರಡೂ ಬದಿ ಕಂಬಳಿ ಇಳಿಬಿಟ್ಟರೆ ಸುರಂಗ. ಒಂದೇ ಮಂಚ, ಐವತ್ತೇಳು ಸಲ ತೂರಿದರೆ ಐವತ್ತೇಳು ಸುರಂಗ. ಘಾಟಿ ಹತ್ತುವ ಗಾಡಿಗೆ ಹಿಂದಿನಿಂದ ದೂಡುವ ಎಂಜಿನ್ನು ಇರುತ್ತದೆ ಎಂಬುದು ಇಲ್ಲಿಯ ನಾಲ್ಕು ವರ್ಷದವರಿಗೂ ಗೊತ್ತು, ಆದ್ದರಿಂದ ಸಾಲಿನ ಕೊನೆಗೆ ಒಬ್ಬ ದಾಂಡಿಗ ಬೇಕೇ ಬೇಕು. ಮಧ್ಯೆ ಯಾರಾದರೂ ಕೈ ಅಡ್ಡ ಚಾಚಿ "ಎಡಕುಮೇರಿ!" ಎಂದರೆ ಎಲ್ಲರೂ ನಿಲ್ಲಬೇಕು, ಬ್ರೇಕು ತಣಿಯಬೇಕು. ಎಲ್ಲಕ್ಕಿಂತ ಚಿಕ್ಕದು ಎಂಜಿನ್ನೂ ಆಗದು, ದೂಡಲೂ ಆರದು. ಅದರ ಕೈಗೆ ಅಮ್ಮನ ಹಸಿರು ರವಿಕೆ ಬಟ್ಟೆ ಕೊಟ್ಟು ಹೊಸಿಲ ಮೇಲೆ ನಿಲ್ಲಿಸುತ್ತಾರೆ. ಅದು ಬೀಸಿದರೂ ಗಾಡಿ ಹೊರಡುತ್ತದೆ, ಬೀಸದಿದ್ದರೂ ಹೊರಡುತ್ತದೆ. ಆದರೆ ಬೀಸದೆ ಒಮ್ಮೆಯೂ ಬಿಡುವುದಿಲ್ಲ.

ಮೈ ದಣಿದ ಮೇಲೆ ಒಲೆ. ಬಚ್ಚಲೊಲೆಯ ಮುಂದೆ ಜಾಗ ಹಿಡಿಯಲು ಮಕ್ಕಳಿಗೂ ನಾಯಿಗೂ ಪೈಪೋಟಿ. ಬೇಸಿಗೆಯಲ್ಲಿ ಕೂಡಿಟ್ಟ ಹಲಸಿನ ಬೀಜವನ್ನು ಕೆಂಡದ ಬೂದಿಯಲ್ಲಿ ಹೂತರೆ ಸ್ವಲ್ಪ ಹೊತ್ತಿಗೆ ಟಪ್ಪೆಂದು ಸಿಡಿಯುತ್ತದೆ. ಯಾರ ಬೀಜ ಮೊದಲು ಸಿಡಿಯಿತು ಎಂಬುದೇ ಪಂದ್ಯ. ಕೆಂಡ ಕೆದಕುವ ಕೆಲಸ ದೊಡ್ಡವರದು. ಸುಟ್ಟ ಬೀಜದ ಸಿಪ್ಪೆ ಬಿಡಿಸಿ ಬಟ್ಟಲಿಗೆ ಹಾಕುವುದು ಮಕ್ಕಳದು. ಬಟ್ಟಲಿಗೆ ಬೀಳುವುದಕ್ಕಿಂತ ಬಾಯಿಗೆ ಬೀಳುವುದೇ ಹೆಚ್ಚು, ಬಚ್ಚಲು ಮನೆ ಇಡೀ ಸಿಪ್ಪೆ. ಏಲಕ್ಕಿ ಕಾಯಿಯ ತೊಟ್ಟು ಮುರಿಯುವುದು, ಒಣಗಿದ ಕಾಳುಮೆಣಸಿನಲ್ಲಿ ಕಡ್ಡಿ ಆರಿಸುವುದು, ಬೆಳ್ಳುಳ್ಳಿ ಎಸಳು ಬಿಡಿಸುವುದು. ಇವೆಲ್ಲ ಸಣ್ಣ ಬೆರಳಿಗೇ ಹೇಳಿ ಮಾಡಿಸಿದ ಕೆಲಸ. ಈಗ ಇದನ್ನೇ ಪ್ಲಾಸ್ಟಿಕ್ ಮಣಿ, ಚಿಮಟ, ಬಣ್ಣದ ಬಟ್ಟಲು ಇಟ್ಟು ಡಬ್ಬಿಯಲ್ಲಿ ಮಾರುತ್ತಾರೆ. ಮಗುವಿಗೆ ವ್ಯತ್ಯಾಸ ತಿಳಿಯುತ್ತದೆ. ತಾನು ಆರಿಸಿದ ಮೆಣಸು ಸಂಜೆ ಸಾರಿಗೆ ಬಿದ್ದರೆ, ಆ ಸಾರನ್ನು ಮೂಗಲ್ಲಿ ನೀರು ಸುರಿಸಿಕೊಂಡಾದರೂ ಕುಡಿಯುತ್ತದೆ.

ಅಕ್ಕಿರೊಟ್ಟಿಯ ಹಿಟ್ಟು ನಾದುವಾಗ ನಡೆಯುವುದನ್ನು ಹತ್ತಿರ ಕೂತು ನೋಡಬೇಕು. ಅನ್ನವನ್ನೋ ಬಿಸಿನೀರನ್ನೋ ಬೆರೆಸಿ ಕಲಸಿದ ಬಿಳಿ ಹಿಟ್ಟಿನಿಂದ ನಿಂಬೆಗಾತ್ರದ ಒಂದು ಉಂಡೆಯನ್ನು ಕಿತ್ತು ಅಮ್ಮ ಮಗುವಿನ ಮುಂದೆ ಇಡುತ್ತಾಳೆ. ಕೇಳಿ ಕೊಡುವುದಲ್ಲ, ಕೇಳದೆ ಕೊಡುವುದು. ಮಗು ಮೊದಲು ಅದನ್ನು ಅದುಮುತ್ತದೆ, ಬೆರಳಿನ ಗುರುತು ಮೂಡುತ್ತದೆ. ಆಮೇಲೆ ಉರುಳಿಸಿ ಹಾವು. ಹಾವನ್ನು ಸುತ್ತಿ ಒರಳು. ಒರಳನ್ನು ಕೆಡಿಸಿ ಬಸವ, ಕೋಡು ನಿಲ್ಲುವುದಿಲ್ಲ, ಎರಡು ಅಕ್ಕಿಕಾಳು ಚುಚ್ಚಿದರೆ ನಿಲ್ಲುತ್ತದೆ. ಅಷ್ಟರಲ್ಲಿ ಹಿಟ್ಟಿನ ಬಣ್ಣ ಬಿಳಿಯಿಂದ ಬೂದಿಗೆ, ಬೂದಿಯಿಂದ ಇನ್ನೂ ಕಪ್ಪಿಗೆ ತಿರುಗಿರುತ್ತದೆ. ಅದರಲ್ಲಿ ಬೆಕ್ಕಿನ ಕೂದಲೂ ಸೇರಿರುತ್ತದೆ. ಕೊನೆಗೆ ಅದೇ ಹಿಟ್ಟನ್ನು ತಟ್ಟಿ, ಅಂಗೈಯಗಲದ ರೊಟ್ಟಿ ಮಾಡಿ, ಬೇಯಿಸಿಕೊಡು ಎಂಬ ಪಟ್ಟು. ಜಾಣ ತಾಯಂದಿರು ಬಾಣಲಿಯ ಅಂಚಿನಲ್ಲಿ ಅದನ್ನೂ ಬೇಯಿಸುತ್ತಾರೆ. ತಿನ್ನುವುದು ಅಪ್ಪ. ತಿಂದಂತೆ ನಟಿಸಿ ನಾಯಿಗೆ ಹಾಕುವ ಅಪ್ಪಂದಿರೂ ಇದ್ದಾರೆ.

ಮೈಗೆ ಮೈ ತಾಗಿ ಕೂತಲ್ಲಿ ಜಗಳವೂ ಇರಲೇಬೇಕು. ಚೆನ್ನೆಮಣೆ ಇದ್ದ ಮನೆಯಲ್ಲಿ ಇನ್ನೂ ಒಂದು ಪಾಲು ಹೆಚ್ಚು. ಎರಡು ಸಾಲು, ಸಾಲಿಗೆ ಏಳು ಗುಳಿ. ಘಾಟಿಯ ಕೆಳಗಿನ ತುಳುನಾಡಿನಲ್ಲಿ ಇದನ್ನು ಆಟಿ ತಿಂಗಳಲ್ಲಿ ಆಡುತ್ತಾರೆ, ತಿಂಗಳು ಕಳೆದರೆ ಮಣೆ ಅಟ್ಟಕ್ಕೆ. ಒಡಹುಟ್ಟಿದವರು ಎದುರುಬದುರು ಕೂತು ಆಡಬಾರದು ಎಂದೂ ಹಿರಿಯರು ಹೇಳುತ್ತಾರೆ. ತುಳುವಿನ ಹಾಡುಗತೆ ಸಿರಿ ಪಾಡ್ದನದಲ್ಲಿ ಬರುವ ಅಬ್ಬಗ ದಾರಗ ಎಂಬ ಅವಳಿ ಹೆಣ್ಣುಮಕ್ಕಳು ಚೆನ್ನೆ ಆಡುತ್ತ ಜಗಳಕ್ಕೆ ಬಿದ್ದು, ಅಕ್ಕ ಮಣೆಯಲ್ಲೇ ತಂಗಿಗೆ ಹೊಡೆದು ಕೊಂದು, ತಾನೂ ಬಾವಿಗೆ ಹಾರಿದ ಕತೆಯದು. ಇಷ್ಟು ಕಠೋರ ಕತೆಯನ್ನು ಒಂದು ಆಟಕ್ಕೆ ಕಟ್ಟಿದವರು, ಮಳೆಗೆ ಬಾಗಿಲು ಮುಚ್ಚಿದ ಮನೆಯಲ್ಲಿ ವಾರಗಟ್ಟಲೆ ಒಡಹುಟ್ಟಿದವರನ್ನು ನೋಡಿಯೇ ಕಟ್ಟಿರಬೇಕು ಅನಿಸುತ್ತದೆ. ಪರಿಹಾರವೂ ಸರಳ, ಅಣ್ಣ ತಂಗಿಯ ಮಧ್ಯೆ ಅಜ್ಜಿಯೋ ಪಕ್ಕದ ಮನೆಯ ಹುಡುಗಿಯೋ ಬಂದು ಕೂರುವುದು.

ಸಂಜೆ ನಾಲ್ಕಕ್ಕೇ ಕತ್ತಲು. ಹಗಲಿನಲ್ಲಿ ಕತೆ ಹೇಳಬಾರದು ಎಂದು ತಿರುಗಿಬೀಳುವ ಅಜ್ಜಿಯರೂ ಈ ದಿನಗಳಲ್ಲಿ ಪಟ್ಟು ಸಡಿಲಿಸುತ್ತಾರೆ. ಪುಷ್ಯದ ಹಗಲನ್ನು ಹಗಲೆಂದು ಯಾರು ಒಪ್ಪುತ್ತಾರೆ? ಕತೆ ಮುಗಿದರೆ ಒಗಟು, ಒಗಟು ಮುಗಿದರೆ ಗೋಡೆಯ ಮೇಲೆ ಬುಡ್ಡಿದೀಪದ ನೆರಳಿನಲ್ಲಿ ಕೈಬೆರಳ ಜಿಂಕೆ, ಮೊಲ. ಆಟಿಸೊಪ್ಪಿನ ಪಾಯಸ ಮಾಡಿದ ದಿನವಂತೂ ಬೇರೆ ಮನರಂಜನೆ ಬೇಡ. ಕಡುನೇರಳೆ ಬಣ್ಣದ ಪಾಯಸ ತಿಂದು ನಾಲಿಗೆ ಚಾಚಿ ಕನ್ನಡಿ ನೋಡುವುದು, ಮರುದಿನ ಬೆಳಿಗ್ಗೆ ಉಚ್ಚೆಯ ಬಣ್ಣ ನೋಡಿ ಕಿರುಚುವುದು. ಕೊಡಗಿನಲ್ಲೂ ಇದೇ ತಮಾಷೆ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸುಳ್ಳಾಗುತ್ತದೆ. ಎಲ್ಲ ಮನೆಗೂ ಜಗಲಿಯಿಲ್ಲ, ತೊಲೆಯಿಲ್ಲ, ಅಜ್ಜಿಯೂ ಇಲ್ಲ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಒಂದು ಕೋಣೆ, ಒಂದು ಒಲೆ. ಈಗ ಅಸ್ಸಾಮಿನಿಂದ ಬಂದ ಕುಟುಂಬಗಳೂ ಅಲ್ಲಿವೆ. ಅಪ್ಪ ಅಮ್ಮ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ತೋಟಕ್ಕೆ ಹೋದರೆ ಏಳೆಂಟು ವರ್ಷದ ಅಕ್ಕನೇ ಮನೆಯ ಯಜಮಾನಿ. ಅವಳಿಗೂ ಆಡುವ ವಯಸ್ಸೇ. ಒಣಗದ ಚಡ್ಡಿ, ಹೊಗೆ, ಕೆಮ್ಮು. ಮಳೆಯ ಸೊಬಗನ್ನು ಬರೆಯುವವರು ಮಗುವಿನ ಬಟ್ಟೆ ಒಣಗಿಸಿ ನೋಡಬೇಕು. ಅನುಕೂಲಸ್ಥರ ಮನೆಯಲ್ಲೂ ಅಷ್ಟೆ, ಮಕ್ಕಳನ್ನು ಇಡೀ ದಿನ ಸಂಭಾಳಿಸುವುದು ಹೆಂಗಸರು. ಗಂಡಸರು "ಏನ್ ಮಳೆ ಮಾರಾಯ" ಎನ್ನುತ್ತ ಕೊಡೆ ಹಿಡಿದು ಪೇಟೆಯ ಹೋಟೆಲಿಗೆ ಹೋಗಿ ಬರುತ್ತಾರೆ.

ಲೈನ್ ಮನೆಯ ಮಕ್ಕಳಿಗೆ ಬೆಚ್ಚನೆಯ ಜಾಗವೆಂದರೆ ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಈ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡದ್ದು ತಿ.ನರಸೀಪುರವನ್ನು. 2013ರ ಕ್ಷೀರಭಾಗ್ಯ ಯೋಜನೆಯಿಂದ ಬಿಸಿ ಹಾಲೂ ಬಂತು. ಜೋರು ಮಳೆಯ ದಿನ, ಒಂದೇ ಕೋಣೆಯಲ್ಲಿ, ಒದ್ದೆ ತಲೆಯ ಹತ್ತು ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡ ಕಾರ್ಯಕರ್ತೆಯನ್ನು ನೋಡಿ. ಮೊದಲು ಎಲ್ಲರ ತಲೆ ಒರೆಸುವುದು, ಅದೇ ಒಂದು ಆಟ. ಬರುವಾಗ ದಾರಿಯಲ್ಲಿ ಕಿತ್ತು ತಂದ ಎಲೆಗಳನ್ನು ನೆಲಕ್ಕೆ ಸುರಿದು ದೊಡ್ಡದು, ಸಣ್ಣದು, ನುಣುಪು, ತರಿ ಎಂದು ಬೇರೆ ಮಾಡಿಸುತ್ತಾಳೆ. ಕನ್ನಡ ಬಾರದ ಮಗುವೂ ಎಲೆ ವಿಂಗಡಿಸುವುದರಲ್ಲಿ ಹಿಂದೆ ಬೀಳುವುದಿಲ್ಲ. ಹಾಗೆ ನೋಡಿದರೆ ಮೊದಲ ಕನ್ನಡ ಶಬ್ದಗಳು ಅದಕ್ಕೆ ಬರುವುದು ಅಲ್ಲೇ. ಆದರೆ ರಜೆ ಘೋಷಣೆಯಾದ ದಿನ ಅಂಗನವಾಡಿಗೂ ಬೀಗ. ದಾರಿಯ ಅಪಾಯ ನೋಡಿದರೆ ಆ ಆದೇಶ ಸರಿ. ಆದರೆ ಯಾರ ಮನೆಯಲ್ಲಿ ಒಲೆ ಮುಂದೆ ಕೂರಿಸಿಕೊಳ್ಳುವವರು ಇಲ್ಲವೋ ಆ ಮಕ್ಕಳಿಗೇ ಅಂದು ಅಂಗನವಾಡಿ ಹೆಚ್ಚು ಬೇಕಿರುತ್ತದೆ. ಲೈನಿನಲ್ಲೇ ಒಂದು ಕೋಣೆಯನ್ನು ಮಳೆಗಾಲದ ಮಟ್ಟಿಗೆ ಮಕ್ಕಳಿಗೆ ಬಿಟ್ಟು, ವಯಸ್ಸಾದ ಒಬ್ಬ ಹೆಂಗಸನ್ನು ಕೂಲಿ ಕೊಟ್ಟು ಕೂರಿಸುವುದು ತೋಟದವರಿಗೆ ದೊಡ್ಡ ಖರ್ಚೇನಲ್ಲ.

ಅಪಾಯ ಎಂದದ್ದು ಸುಮ್ಮನೆ ಅಲ್ಲ. 2018ರ ಆಗಸ್ಟಿನಲ್ಲಿ ಈ ಘಾಟಿಯ ಹಳಿಯ ಮೇಲೆ ಹತ್ತಾರು ಕಡೆ ಗುಡ್ಡ ಕುಸಿದು ವಾರಗಟ್ಟಲೆ ರೈಲು ನಿಂತಿತು. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡ‌ಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು. ಸುಮಾರು ಎರಡು ವಾರ ಗಾಡಿಗಳು ರದ್ದು. ಅದೇ ದಿನಗಳಲ್ಲಿ ಶಿರಾಡಿಯ ರಸ್ತೆಯ ಮೇಲೂ ದೊಡ್ಡತಪ್ಪಲೆಯಲ್ಲಿ ಗುಡ್ಡ ಬಿತ್ತು. ಮಳೆಯಲ್ಲಿ ರಾತ್ರಿ ಹಳಿ ಕಾಯುವ ರೈಲ್ವೆ ನೌಕರರ ಮಕ್ಕಳು ಮನೆಯಲ್ಲಿ ಆಡುವ ರೈಲಾಟದಲ್ಲಿ ಈಗ ಕೆಂಪು ಬಾವುಟವೂ ಸೇರಿದೆ. ದಿಂಬುಗಳ ರಾಶಿ ಮಂಚದ ಮುಂದೆ ಉರುಳುತ್ತದೆ, ಗಾಡಿ ನಿಲ್ಲುತ್ತದೆ, ಎಲ್ಲರೂ ಇಳಿದು ಮಣ್ಣು ತೆಗೆಯುತ್ತಾರೆ. ಹೆದರಿಕೆಯನ್ನೂ ಮಕ್ಕಳು ಆಡಿಯೇ ಅರಗಿಸಿಕೊಳ್ಳುತ್ತಾರೆ. ಅದನ್ನು ತಡೆಯಬಾರದು, "ಕೆಟ್ಟ ಆಟ ಆಡಬೇಡಿ" ಎಂದು ಗದರಬಾರದು.

ಇದೇ ಹಳಿಯಲ್ಲಿ ಘಾಟಿ ಇಳಿದು ಮುಂದೆ ಹೋದರೆ ಪುತ್ತೂರು. ಅಲ್ಲಿಯ ಬಾಲವನದಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳನ್ನು ಪಾಠದ ಬೆಂಚಿನಿಂದ ಎಬ್ಬಿಸಿ ನಾಟಕ, ಕುಣಿತ, ಕೈಕೆಲಸಕ್ಕೆ ಬಿಟ್ಟರು, ಅವರಿಗಾಗಿಯೇ 'ಬಾಲಪ್ರಪಂಚ'ವನ್ನು ಬರೆದರು. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಹುಟ್ಟಿದ ನಲಿಕಲಿ ಪದ್ಧತಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆ ಹಬ್ಬಿತು. ಆಡುತ್ತ ಕಲಿಯುವುದು ನಮಗೆ ಹೊರಗಿನಿಂದ ಬರಬೇಕಾದ ಸರಕಲ್ಲ.

ಆದರೂ ವಾರಾಂತ್ಯದಲ್ಲಿ ಸಕಲೇಶಪುರದ ಹೋಂಸ್ಟೇಗಳಿಗೆ ಬರುವ ಕುಟುಂಬಗಳನ್ನು ನೋಡಿದರೆ ಅಯ್ಯೋ ಅನಿಸುತ್ತದೆ. ಮಳೆ ನೋಡಲೆಂದೇ ಬಂದವರು, ಮಳೆ ಬಂದ ಕೂಡಲೇ ಕಂಗಾಲು. ಟಿವಿ ಇದೆ, ಕರೆಂಟಿಲ್ಲ. ಕೇರಂ ಬೋರ್ಡಿದೆ, ಸ್ಟ್ರೈಕರಿಲ್ಲ. ಮಗುವಿಗೆ ಗಂಟೆಗೊಂದು ಚಟುವಟಿಕೆ ಹೊಂಚದಿದ್ದರೆ ತಾನು ಕೆಟ್ಟ ತಾಯಿ ಎಂದುಕೊಂಡ ಅಮ್ಮ, ಬಣ್ಣದ ಪೆನ್ಸಿಲ್ಲು, ಸ್ಟಿಕ್ಕರು, ಜೇಡಿಮಣ್ಣಿನ ಡಬ್ಬಿ ಒಂದೊಂದಾಗಿ ತೆಗೆದು ಮುಂದಿಡುತ್ತಾಳೆ. ಎಲ್ಲ ಮಧ್ಯಾಹ್ನದೊಳಗೆ ಖಾಲಿ. ಮಗುವಿಗೆ ಸ್ವಲ್ಪ ಬೇಜಾರಾಗಲು ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಬೇಜಾರಾದ ಮಗು ಮನೆಯೆಲ್ಲ ಸುತ್ತಿ ಕೊನೆಗೆ ಯಾರು ಏನು ಮಾಡುತ್ತಿದ್ದಾರೆಂದು ಹುಡುಕಿಕೊಂಡು ಹೋಗುತ್ತದೆ. ಬೆಂಗಳೂರಿನ ಹುಡುಗನೊಬ್ಬ ಹೀಗೆ ಸುತ್ತಿ ಸುತ್ತಿ ಅಡುಗೆಮನೆ ಸೇರಿದ. ಅಡುಗೆಯ ಅಕ್ಕ "ಬಾ ಪುಟ್ಟ, ಕೂತ್ಕೊ, ಇದನ್ನ ಬಿಡಿಸು" ಎಂದು ಬೆಳ್ಳುಳ್ಳಿ ಕೊಟ್ಟಳು. ಊಟದ ಹೊತ್ತಿಗೆ ಅವನನ್ನು ಅಲ್ಲಿಂದ ಎಬ್ಬಿಸಲು ಅಪ್ಪನೇ ಬರಬೇಕಾಯಿತು.

ಬರುವ ಮಳೆಗಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಈ ಹಾದಿಯಲ್ಲಿ ಹೋಗುವವರು ಎರಡು ಜೊತೆ ಹೆಚ್ಚು ಚಡ್ಡಿ, ಒಂದು ಸೀಮೆಸುಣ್ಣದ ತುಂಡು, ನಾಲ್ಕು ಕವಡೆ ಇಟ್ಟುಕೊಳ್ಳಿ. ಕವಡೆ ಸಿಗದಿದ್ದರೆ ಹುಣಸೆಬೀಜದ ಒಂದು ಮೈಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಂಡರೂ ನಡೆಯುತ್ತದೆ. ಎದುರು ಸೀಟಿನ ಮಗುವನ್ನೂ ಆಟಕ್ಕೆ ಕರೆಯಿರಿ. ಎಡಕುಮೇರಿಯಲ್ಲಿ ಗಾಡಿ ನಿಂತಾಗ ಮಾತ್ರ ಫೋಟೋಕ್ಕೆಂದು ಮಗುವನ್ನು ಎತ್ತಿಕೊಂಡು ಹಳಿಗೆ ಇಳಿಯಬೇಡಿ, ಬಾಗಿಲಲ್ಲಿ ನಿಲ್ಲಿಸಬೇಡಿ. ಹಳಿಯ ಮೇಲೆ ನಡೆಯುವುದನ್ನು ರೈಲ್ವೆ ನಿಷೇಧಿಸಿದೆ, ಗಾಡಿ ಯಾವಾಗ ಹೊರಡುತ್ತದೆಂದು ಯಾರೂ ಹೇಳುವುದಿಲ್ಲ.